ಮಕ್ಕಳನ್ನು ಕರೆದುಕೊಂಡು ಜಪಾನಿನ ಗುಡಿ ಸುತ್ತುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಒಸಾಕಾಕ್ಕೆ ಬಂದು ನೆಲೆಸಿದ ಮೇಲೆ ಊರಿನ ನೆಂಟರಿಗೆಲ್ಲ ಜಪಾನ್ ಇದ್ದಕ್ಕಿದ್ದ ಹಾಗೆ ಹತ್ತಿರವಾಗಿಬಿಟ್ಟಿದೆ. ಬೇಸಿಗೆ ರಜೆಗೊಂದು ಕುಟುಂಬ, ದಸರಾ ರಜೆಗೊಂದು ಕುಟುಂಬ. ಟಿಕೆಟ್ ತೆಗೆಸಿದ ದಿನದಿಂದ ವಾಟ್ಸಾಪಿನಲ್ಲಿ ಪ್ರಶ್ನೆಗಳು ಶುರು. ಕೇಳುವವರು ಬೇರೆ, ಪ್ರಶ್ನೆಗಳು ಅವೇ. ಹಾಗಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ. ನಾವಿರುವುದು ಒಸಾಕಾದಲ್ಲಾದ್ದರಿಂದ ಕ್ಯೋಟೊ, ನಾರಾಗಳ ಮಾತೇ ಹೆಚ್ಚು. ಟೋಕಿಯೊ ಕಡೆಗೆ ಹೋಗುವವರಿಗೂ ಒಂದಿಷ್ಟು ಇದೆ.

ಚಿಕ್ಕ ಮಕ್ಕಳಿಗೆ ಏನೂ ನೆನಪಿರುವುದಿಲ್ಲ, ದುಡ್ಡು ದಂಡವಲ್ಲವೇ?

ನೆನಪಿರುವುದಿಲ್ಲ, ನಿಜ. ಆರರಿಂದ ಹತ್ತು ವರ್ಷದವರಾದರೆ ಚೆನ್ನ: ನಡೆಯುತ್ತಾರೆ, ಪ್ರಶ್ನೆ ಕೇಳುತ್ತಾರೆ, ಇನ್ನೂ ಮೊಬೈಲಿನೊಳಗೆ ಪೂರ್ತಿ ಮುಳುಗಿರುವುದಿಲ್ಲ. ಎರಡು ಮೂರು ವರ್ಷದವರಿಗೆ ಚಿನ್ನದ ಮಂಟಪಕ್ಕಿಂತ ಅಂಗಳದ ಜಲ್ಲಿಕಲ್ಲೇ ಪ್ರೀತಿ. ಅವರನ್ನು ಕರೆತರುವುದು ನಿಮ್ಮ ಸಂತೋಷಕ್ಕೆ, ಅವರ ನೆನಪಿಗಲ್ಲ ಎಂದುಕೊಂಡರೆ ಬೇಜಾರಿಲ್ಲ. ಒಂದು ಅನುಕೂಲವೂ ಇದೆ. ಆರು ತುಂಬದ ಮಕ್ಕಳಿಗೆ ರೈಲಿನಲ್ಲಿ ಬೇರೆ ಸೀಟು ಕಾಯ್ದಿರಿಸದಿದ್ದರೆ ಟಿಕೆಟ್ ಬೇಡ, ಟಿಕೆಟ್ ತೆಗೆದ ದೊಡ್ಡವರೊಬ್ಬರ ಜೊತೆ ಅಂಥ ಇಬ್ಬರು ಹೋಗಬಹುದು. ಆರರಿಂದ ಹನ್ನೊಂದರವರೆಗೆ ಅರ್ಧ ಟಿಕೆಟ್. ಶಿಂಕಾನ್‌ಸೆನ್ ಎಂಬ ಬುಲೆಟ್ ರೈಲಿಗೂ ಇದೇ ಲೆಕ್ಕ.

ಒಂದು ದಿನಕ್ಕೆ ಎಷ್ಟು ಗುಡಿ ನೋಡಬಹುದು?

ಎರಡು. ಕ್ಯೋಟೊದಲ್ಲಿ ಬೌದ್ಧ ಮಂದಿರಗಳೇ ಸುಮಾರು 1,600, ಜಪಾನಿನ ಮೂಲ ಧರ್ಮವಾದ ಶಿಂಟೋದ ಗುಡಿಗಳು ಸುಮಾರು 400 ಎಂದು ಹೇಳುತ್ತಾರೆ. ಎಷ್ಟು ಓಡಿದರೂ ಮುಗಿಯುವ ಲೆಕ್ಕವಲ್ಲ ಅದು. ನಮ್ಮ ಭಾವನವರು ಒಂದೇ ದಿನ ಐದು ನೋಡಿಸಿದರು. ರಾತ್ರಿ ಅವರ ಮಗಳನ್ನು ‘ಏನು ನೋಡಿದೆ ಪುಟ್ಟಿ?’ ಎಂದರೆ ‘ಮೆಟ್ಟಿಲು’ ಎಂದಳು. ಬೆಳಿಗ್ಗೆ ಒಂದು, ಸಂಜೆ ಒಂದು, ನಡುವೆ ಊಟ, ನಿದ್ದೆ, ಪಾರ್ಕಿನ ಉಯ್ಯಾಲೆ. ಪ್ರತಿ ಗುಡಿಯಲ್ಲೂ ಮಗುವಿಗೆ ಮಾಡಲು ಒಂದೇ ಒಂದು ಕೆಲಸ ಕೊಡಿ: ಎಣಿಸುವುದು, ಹುಡುಕುವುದು, ಗಂಟೆ ಬಾರಿಸುವುದು, ಏನಾದರೂ ಸರಿ. ಮುಂದಿನ ಉತ್ತರಗಳಲ್ಲೆಲ್ಲ ಅಂಥ ಕೆಲಸಗಳನ್ನೇ ಹೇಳಿದ್ದೇನೆ.

ಜನಜಂಗುಳಿ ತಪ್ಪಿಸಲು ಬೆಳಿಗ್ಗೆ ಆರಕ್ಕೇ ಹೋಗಿ ಅಂತಾರಲ್ಲ, ಮಕ್ಕಳನ್ನು ಎಬ್ಬಿಸುವುದು ಹೇಗೆ?

ಎಬ್ಬಿಸಬೇಡಿ. ಜಪಾನಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದೆ. ಇಲ್ಲಿ ಬೆಳಗಿನ ಆರು ಎಂದರೆ ನಿಮ್ಮ ಮಗುವಿನ ಮೈಗೆ ಇನ್ನೂ ರಾತ್ರಿ ಎರಡೂವರೆ. ಕ್ಯೋಟೊದ ಬೌದ್ಧ ಮಂದಿರ ಕಿಯೊಮಿಜು-ದೇರಾ ಆರಕ್ಕೇ ಬಾಗಿಲು ತೆರೆಯುತ್ತದೆ, ಆ ಹೊತ್ತಿನಲ್ಲಿ ಸೊಗಸಾಗಿಯೂ ಇರುತ್ತದೆ. ಆದರೆ ಬಂದ ಮೊದಲ ಎರಡು ದಿನ ಆ ಸಾಹಸ ಬೇಡ.

ಇದನ್ನೇ ತಿರುಗಿಸಿ ನೋಡಿ. ಇಲ್ಲಿ ರಾತ್ರಿ ಎಂಟಾದಾಗ ನಮ್ಮ ಮಕ್ಕಳಿಗೆ ಸಂಜೆ ನಾಲ್ಕೂವರೆ, ಕುಣಿಯುವ ಹೊತ್ತು. ಹಾಗಾಗಿ ರಾತ್ರಿಯೂ ತೆರೆದಿರುವ ಜಾಗಗಳನ್ನು ಮೊದಲ ದಿನಗಳಿಗೆ ಇಟ್ಟುಕೊಳ್ಳಿ. ಸಾವಿರಾರು ಕೆಂಪು ತೋರಿಗಳ, ಅಂದರೆ ಮರದ ಮಹಾದ್ವಾರಗಳ, ಸಾಲಿರುವ ಕ್ಯೋಟೊದ ಫುಶಿಮಿ ಇನಾರಿ ಗುಡಿಗೆ ಬಾಗಿಲೇ ಇಲ್ಲ, ಟಿಕೆಟ್ಟೂ ಇಲ್ಲ. ರಾತ್ರಿ ದೀಪದ ಬೆಳಕಿನಲ್ಲಿ ಆ ಸುರಂಗದೊಳಗೆ ನಡೆಯುವಾಗ ಮಕ್ಕಳು ತಾವಾಗಿಯೇ ದನಿ ತಗ್ಗಿಸುತ್ತಾರೆ. ಇನಾರಿ ಬೆಳೆಯ ದೇವರು, ನರಿ ಆ ದೇವರ ದೂತ. ಬಾಯಲ್ಲಿ ಬೀಗದ ಕೈ ಕಚ್ಚಿಕೊಂಡ ನರಿಯನ್ನು ಹುಡುಕಲು ಹೇಳಿ, ಅದು ಕಣಜದ ಕೀಲಿ. ಬೆಟ್ಟದ ತುದಿಯವರೆಗೆ ಹೋಗಬೇಕೆಂದೇನಿಲ್ಲ. ಪೂರ್ತಿ ಹತ್ತಿ ಇಳಿಯಲು ಎರಡು ಮೂರು ಗಂಟೆ ಬೇಕು, ಮೊದಲ ಅರ್ಧ ಗಂಟೆಯ ದಾರಿಯೇ ಸಾಕು. ಕ್ಯೋಟೊ ನಡುವೆ ಇರುವ ಯಾಸಾಕಾ ಗುಡಿ, ಟೋಕಿಯೊದ ಬೌದ್ಧ ಮಂದಿರ ಸೆನ್ಸೋಜಿಯ ಅಂಗಳ ಕೂಡ ರಾತ್ರಿ ತೆರೆದೇ ಇರುತ್ತವೆ.

ಮೊಟ್ಟಮೊದಲು ಎಲ್ಲಿಗೆ ಕರೆದುಕೊಂಡು ಹೋಗಲಿ?

ನಾರಾಕ್ಕೆ. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಕ್ಯೋಟೊದಿಂದಲೂ ಒಸಾಕಾದಿಂದಲೂ ರೈಲಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಇಳಿದು ಪಾರ್ಕಿನ ಕಡೆ ನಡೆದರೆ ಸಾವಿರಕ್ಕೂ ಹೆಚ್ಚು ಜಿಂಕೆಗಳು ಬೀದಿಯಲ್ಲೇ ಓಡಾಡಿಕೊಂಡಿರುತ್ತವೆ. 768ರಲ್ಲಿ ಕಟ್ಟಿದ ಕಾಸುಗಾ ಗುಡಿಯ ದೇವರು ಬಿಳಿ ಜಿಂಕೆಯ ಮೇಲೆ ಬಂದನೆಂದು ಐತಿಹ್ಯ, ಹಾಗಾಗಿ ಅವಕ್ಕೆ ದೇವರ ಬಸವನ ಮರ್ಯಾದೆ. ಅಲ್ಲೇ ಮಾರುವ ಜಿಂಕೆ ಬಿಸ್ಕತ್ತನ್ನು ಎತ್ತಿ ಹಿಡಿದು ತಲೆ ಬಾಗಿಸಿದರೆ ಹಲವು ಜಿಂಕೆಗಳು ತಾವೂ ತಲೆ ಬಾಗಿಸುತ್ತವೆ. ಆಟವಾಡಿಸಿ ಕೊಡದೆ ಸತಾಯಿಸಿದರೆ ಮಾತ್ರ ಕಚ್ಚುತ್ತವೆ, ಅಂಗಿ ಎಳೆಯುತ್ತವೆ. ಬಿಸ್ಕತ್ತು ಮುಗಿದ ಕೂಡಲೇ ಎರಡೂ ಖಾಲಿ ಕೈ ತೋರಿಸಲು ಮಗುವಿಗೆ ಕಲಿಸಿ. ದಸರಾ ರಜೆಗೆ ಬರುವವರು ಕೊಂಬಿನ ಗಂಡುಗಳಿಂದ ದೂರವಿರಬೇಕು, ಅದು ಅವುಗಳ ಬೆದೆಯ ಕಾಲ. ಬೇಸಿಗೆಯ ಆರಂಭದಲ್ಲಿ ಬರುವವರು ಮರಿಯಿರುವ ತಾಯಿಯ ಹತ್ತಿರ ಹೋಗಬಾರದು.

ಜಿಂಕೆಗಳಾದ ಮೇಲೆ ಅಲ್ಲೇ ಇರುವ ತೋದಾಯ್‌ಜಿ ಎಂಬ ಬೌದ್ಧ ಮಂದಿರ. ದಕ್ಷಿಣದ ಹೆಬ್ಬಾಗಿಲಲ್ಲಿ ಎಂಟು ಮೀಟರಿಗೂ ಎತ್ತರದ ಇಬ್ಬರು ಮರದ ದ್ವಾರಪಾಲಕರಿದ್ದಾರೆ. 1203ರಲ್ಲಿ ಉನ್‌ಕೇಯ್, ಕಾಯ್‌ಕೇಯ್ ಎಂಬ ಶಿಲ್ಪಿಗಳು ತಮ್ಮ ತಂಡದೊಂದಿಗೆ ಕೇವಲ 69 ದಿನಗಳಲ್ಲಿ ಕಡೆದು ನಿಲ್ಲಿಸಿದ್ದು. ಒಬ್ಬನ ಬಾಯಿ ತೆರೆದಿದೆ, ಇನ್ನೊಬ್ಬನದು ಮುಚ್ಚಿದೆ. ಒಬ್ಬ ‘ಅ’ ಎನ್ನುತ್ತಿದ್ದಾನೆ, ಇನ್ನೊಬ್ಬ ‘ಹೂಂ’ ಎನ್ನುತ್ತಿದ್ದಾನೆ. ಸಂಸ್ಕೃತದ ಮೊದಲ ದನಿ, ಕೊನೆಯ ದನಿ. ಈ ಗುಟ್ಟು ಗೊತ್ತಾದ ಮೇಲೆ ಮುಂದೆ ಹೋದ ಗುಡಿಗಳಲ್ಲೆಲ್ಲ, ಬಾಗಿಲ ಸಿಂಹಗಳಲ್ಲೂ ಕೂಡ, ಯಾರದು ‘ಅ’ ಯಾರದು ‘ಹೂಂ’ ಎಂದು ಹುಡುಕುವುದೇ ಮಕ್ಕಳಿಗೆ ಕೆಲಸ. ನನ್ನ ಮಗನಿಗೆ ಈ ಹುಚ್ಚು ವರ್ಷವಾದರೂ ಬಿಟ್ಟಿಲ್ಲ.

ಒಳಗಿರುವುದು ಸುಮಾರು 15 ಮೀಟರ್ ಎತ್ತರದ ಕಂಚಿನ ವೈರೋಚನ ಬುದ್ಧ. ಈಗಿನ ಕಟ್ಟಡ 1709ರದ್ದು, ಮೊದಲಿನದಕ್ಕಿಂತ ಮೂರನೇ ಒಂದು ಭಾಗದಷ್ಟು ಕಿರಿದು, ಆದರೂ ಮರದಲ್ಲಿ ಇಷ್ಟು ದೊಡ್ಡದು ಕಟ್ಟಬಹುದೇ ಎಂದು ಬಾಯಿ ಬಿಡುವಂತಿದೆ. ಈ ಮೂರ್ತಿಗೆ 752ರಲ್ಲಿ ಕಣ್ಣು ಬರೆದು ನೇತ್ರೋನ್ಮೀಲನ ಮಾಡಿದವರು ಬೋಧಿಸೇನ ಎಂಬ ಭಾರತದ ಭಿಕ್ಷು. 736ರಲ್ಲಿ ಸಮುದ್ರ ದಾಟಿ ಬಂದವರು, ಇಲ್ಲೇ ತೀರಿಕೊಂಡರು. ಅವರ ಕುಂಚಕ್ಕೆ ಉದ್ದುದ್ದ ದಾರ ಕಟ್ಟಿ, ನೆರೆದವರೆಲ್ಲ ಆ ದಾರ ಹಿಡಿದುಕೊಂಡರಂತೆ, ತಾವೂ ಕಣ್ಣು ಬರೆದ ಪುಣ್ಯ ಬರಲಿ ಎಂದು. ರಥದ ಹಗ್ಗ ಮುಟ್ಟಲು ಮುನ್ನುಗ್ಗುವ ನಮ್ಮವರಿಗೆ ಇದನ್ನು ವಿವರಿಸಬೇಕಿಲ್ಲ. ಆ ಕುಂಚ ಇಂದಿಗೂ ಶೋಸೋಯಿನ್ ಎಂಬ ಭಂಡಾರದಲ್ಲಿದೆ.

ಬುದ್ಧನ ಹಿಂಬದಿಯ ಒಂದು ಕಂಬದ ಬುಡದಲ್ಲಿ ಚೌಕದ ತೂತಿದೆ, ದೊಡ್ಡ ಬುದ್ಧನ ಮೂಗಿನ ಹೊಳ್ಳೆಯಷ್ಟೇ ಅಗಲ ಎನ್ನುತ್ತಾರೆ. ತೂರಿ ಆಚೆ ಬಂದವರಿಗೆ ಜ್ಞಾನೋದಯವಂತೆ. ಮಕ್ಕಳು ಸರಾಗ ತೂರುತ್ತಾರೆ. ಅಪ್ಪಂದಿರು ಪ್ರಯತ್ನಿಸುವ ಮುಂಚೆ ಒಮ್ಮೆ ಹೊಟ್ಟೆ ನೋಡಿಕೊಳ್ಳುವುದು ಒಳ್ಳೆಯದು. ಹೊರಗಡೆ ಬಲಕ್ಕೆ ಕೆಂಪು ಬಟ್ಟೆ ಹೊದ್ದ ಬಿಂಜುರು ಎಂಬ ಮರದ ಮೂರ್ತಿ ಕೂತಿದೆ. ಬುದ್ಧನ ಶಿಷ್ಯ ಪಿಂಡೋಲ ಭಾರದ್ವಾಜನೇ ಇಲ್ಲಿ ಬಿಂಜುರು. ನಿಮಗೆಲ್ಲಿ ನೋವೋ ಅವನ ಅದೇ ಭಾಗ ಮುಟ್ಟಿ, ನಿಮ್ಮದನ್ನು ಸವರಿಕೊಂಡರೆ ವಾಸಿ ಎಂಬ ನಂಬಿಕೆ. ಮುಖ ಸವೆದು ಸ್ವಲ್ಪ ಭಯ ಹುಟ್ಟಿಸುವಂತಿದೆ, ಪುಟ್ಟವರಿಗೆ ಮೊದಲೇ ಹೇಳಿಡಿ.

‘ಇದು ಯಾವ ದೇವರು?’ ಎಂದು ಮಗು ಕೇಳಿದರೆ ಏನು ಹೇಳಲಿ?

ಈ ಪ್ರಶ್ನೆಗೆ ಉತ್ತರ ಕೊಡಲು ನಮ್ಮವರಿಗಿರುವ ಸುಲಭ ಬೇರೆ ಪ್ರವಾಸಿಗರಿಗಿಲ್ಲ. ಬೌದ್ಧ ಧರ್ಮದ ಜೊತೆ ನಮ್ಮ ಎಷ್ಟೋ ದೇವರುಗಳು ಚೀನಾ ಹಾದು ಇಲ್ಲಿಗೆ ಬಂದು ಹೆಸರು ಬದಲಿಸಿಕೊಂಡು ಕೂತಿದ್ದಾರೆ. ಬೆಂಜಾಯ್‌ತೆನ್ ಎಂದರೆ ಸರಸ್ವತಿ. ಕೈಯಲ್ಲಿ ವೀಣೆಯ ಬದಲು ಬಿವಾ ಎಂಬ ತಂತಿವಾದ್ಯ, ಗುಡಿ ಸಾಮಾನ್ಯವಾಗಿ ಕೆರೆಯ ನಡುವೆಯೋ ದ್ವೀಪದಲ್ಲೋ ಇರುತ್ತದೆ. ತಾಯ್‌ಶಾಕುತೆನ್ ಇಂದ್ರ, ಬೊಂತೆನ್ ಬ್ರಹ್ಮ, ಎಮ್ಮಾ ಯಮ, ಇದಾತೆನ್ ನಮ್ಮ ಸ್ಕಂದ. ತಮಾಷೆಯೆಂದರೆ ದಾಯ್‌ಕೊಕುತೆನ್. ಮೂಲದಲ್ಲಿ ಮಹಾಕಾಲ, ಇಲ್ಲಿ ಮಾತ್ರ ಅಕ್ಕಿಮೂಟೆಯ ಮೇಲೆ ನಿಂತು ಹಲ್ಲುಬಿಟ್ಟು ನಗುವ ಐಶ್ವರ್ಯದ ದೇವರು. ಗಣಪತಿಯೂ ಇದ್ದಾನೆ, ಕಾಂಗಿತೆನ್ ಅಂತ. ಆದರೆ ಅವನ ಮೂರ್ತಿಯನ್ನು ಸಾಮಾನ್ಯವಾಗಿ ತೋರಿಸುವುದಿಲ್ಲ, ಗರ್ಭಗುಡಿಯಲ್ಲಿ ಮುಚ್ಚಿಟ್ಟಿರುತ್ತಾರೆ. ಟೋಕಿಯೊದಲ್ಲಿ ಸೆನ್ಸೋಜಿಯಿಂದ ನಡೆದೇ ಹೋಗುವಷ್ಟು ಹತ್ತಿರ ಮಾತ್ಸುಚಿಯಾಮಾ ಶೋದೆನ್ ಎಂಬ ಅವನ ಗುಡಿಯಿದೆ. ಅಲ್ಲಿ ನೈವೇದ್ಯಕ್ಕೆ ಬಿಳಿ ಮೂಲಂಗಿ. ಗರಿಕೆ ಬಿಟ್ಟು ಮೂಲಂಗಿ ಹಿಡಿದ ಗಣಪನ ಕಥೆ ಕೇಳಿ ನಕ್ಕು ಸುಸ್ತಾಗದ ಮಗುವನ್ನು ನಾನಿನ್ನೂ ನೋಡಿಲ್ಲ. ಕಡುಬಿನಾಕಾರದ, ಎಣ್ಣೆಯಲ್ಲಿ ಕರಿದ ಸಿಹಿಯೊಂದೂ ಇವನ ಹೆಸರಲ್ಲಿ ಕ್ಯೋಟೊದಲ್ಲಿ ಸಿಗುತ್ತದೆ.

ಇವರಲ್ಲಿ ಹಲವರನ್ನು ಒಟ್ಟಿಗೆ ನೋಡಬೇಕಾದರೆ ಕ್ಯೋಟೊದ ಸಾನ್‌ಜೂಸಾನ್‌ಗೆನ್‌ದೋಗೆ ಹೋಗಿ. ಸುಮಾರು 120 ಮೀಟರ್ ಉದ್ದದ ಒಂದೇ ಮರದ ಸಭಾಂಗಣ, ಒಳಗೆ ಸಾಲಾಗಿ 1,001 ಕನ್ನೋನ್ ಮೂರ್ತಿಗಳು. ಕನ್ನೋನ್ ಎಂದರೆ ಅವಲೋಕಿತೇಶ್ವರ. ಅವರ ಮುಂದೆ ಕಾವಲಿಗೆ 28 ಗಣಗಳು: ಕೊಳಲೂದುವ ಗರುಡ, ಮೂರು ಮುಖದ ಅಸುರ, ಗಂಧರ್ವ, ಕಿನ್ನರ. ಎರಡು ತುದಿಗಳಲ್ಲಿ ಗಾಳಿಯ ಚೀಲ ಹೊತ್ತ ವಾಯುದೇವ, ಡೋಲುಗಳ ಬಳೆ ತೊಟ್ಟ ಗುಡುಗಿನ ದೇವ. ಒಳಗೆ ಫೋಟೋ ತೆಗೆಯುವಂತಿಲ್ಲ, ಅದು ಒಂದು ಲೆಕ್ಕಕ್ಕೆ ವರ. ‘ಗರುಡ ಎಲ್ಲಿದ್ದಾನೆ ಹುಡುಕು’ ಎಂದರೆ ಸಾಕು, ಏಳೆಂಟು ವರ್ಷದವರು ಅರ್ಧ ಗಂಟೆ ಸದ್ದಿಲ್ಲದೆ ಹುಡುಕುತ್ತಾರೆ.

ದಾರಿಯಲ್ಲಿ ನಕಾಶೆಗಳ ಮೇಲೆ ಸ್ವಸ್ತಿಕ ಕಂಡರೆ ಅದು ಬೌದ್ಧ ಮಂದಿರದ ಗುರುತು. ಅಕ್ಷರ ಕಲಿತ ಮಕ್ಕಳಿಗೆ ಇನ್ನೊಂದು ಖುಷಿ ಇದೆ. ಜಪಾನಿ ವರ್ಣಮಾಲೆಯ ಕ್ರಮ ಅ-ಇ-ಉ-ಎ-ಒ, ಆಮೇಲೆ ಕ-ಕಿ-ಕು-ಕೆ-ಕೊ. ಸಂಸ್ಕೃತ ಕಲಿತ ಭಿಕ್ಷುಗಳ ಪ್ರಭಾವ ಅದು. ಕಾಗುಣಿತ ಬಾಯಿಪಾಠ ಮಾಡಿದ ಮಗು ಅದನ್ನು ಒಂದೇ ಸಂಜೆಯಲ್ಲಿ ಹೇಳುತ್ತದೆ.

ತೆರಾ, ಜಿಂಜಾ ಎಂದರೆ ಬೇರೆ ಬೇರೆಯಾ? ಕೈ ಮುಗಿಯುವುದು ಹೇಗೆ?

ಬೇರೆ ಬೇರೆ. ಜಿಂಜಾ ಶಿಂಟೋ ಗುಡಿ, ಮುಂದೆ ತೋರಿ ಇರುತ್ತದೆ. ತೆರಾ ಬೌದ್ಧ ಮಂದಿರ, ಹೆಸರು ಬಹುತೇಕ ‘ಜಿ’ ಅಥವಾ ‘ದೇರಾ’ ಎಂದು ಕೊನೆಯಾಗುತ್ತದೆ. ಜಿಂಜಾದಲ್ಲಿ ಕಾಣಿಕೆ ಹಾಕಿ, ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಬೇಡಿಕೊಂಡು, ಮತ್ತೊಮ್ಮೆ ಬಾಗಬೇಕು. ತೆರಾದಲ್ಲಿ ಚಪ್ಪಾಳೆ ಇಲ್ಲ, ನಾವು ಮಾಡುವ ಹಾಗೆಯೇ ಸುಮ್ಮನೆ ಕೈ ಮುಗಿಯುವುದು. ಮಗು ತೆರಾದಲ್ಲಿ ಚಪ್ಪಾಳೆ ತಟ್ಟಿಬಿಟ್ಟರೆ ಯಾರೂ ಬೈಯುವುದಿಲ್ಲ, ಪಕ್ಕದ ಅಜ್ಜಿ ನಕ್ಕಾಳು. ಕಾಣಿಕೆಗೆ ಐದು ಯೆನ್ ನಾಣ್ಯವನ್ನು ಉಳಿಸಿಟ್ಟುಕೊಳ್ಳಿ. ಅದರ ಹೆಸರು ‘ಗೊಎನ್’, ಋಣಾನುಬಂಧ ಎಂಬ ಅರ್ಥದ ಮಾತೂ ಅದೇ ಉಚ್ಚಾರಣೆಯದು. ನಡುವೆ ತೂತಿರುವುದರಿಂದ ಮಕ್ಕಳಿಗೆ ಬಲು ಇಷ್ಟ.

ಬಾಗಿಲ ಬಳಿಯ ನೀರಿನ ತೊಟ್ಟಿಯಲ್ಲಿ ಸೌಟಿನಿಂದ ಮೊದಲು ಎಡಗೈ, ಆಮೇಲೆ ಬಲಗೈ ತೊಳೆದು, ಅಂಗೈಗೆ ನೀರು ಹಾಕಿಕೊಂಡು ಬಾಯಿ ಮುಕ್ಕಳಿಸುತ್ತಾರೆ. ನಮ್ಮ ಮಕ್ಕಳು ತೀರ್ಥವೆಂದು ಗುಟುಕರಿಸಿ ತಲೆಗೆ ಸವರಿಕೊಳ್ಳುತ್ತಾರೆ, ಅದಲ್ಲ. ಕುಡಿಯುವ ತೀರ್ಥವೇ ಬೇಕಾದರೆ ಕಿಯೊಮಿಜು-ದೇರಾದ ಓತೊವಾ ಝರಿಗೆ ಹೋಗಿ. ಮೂರು ಧಾರೆಗಳು ಬೀಳುತ್ತವೆ, ಉದ್ದ ಹಿಡಿಯ ಸೌಟಿನಲ್ಲಿ ಹಿಡಿದು ಕುಡಿಯಬೇಕು. ಮೂರನ್ನೂ ಕುಡಿದರೆ ದುರಾಸೆ ಎನ್ನುತ್ತಾರೆ. ಯಾವುದನ್ನು ಕುಡಿಯುವುದೆಂದು ಅಣ್ಣ ತಂಗಿ ಜಗಳವಾಡುವಷ್ಟು ಹೊತ್ತು ನೀವು ಕಾಲು ಚಾಚಬಹುದು.

ತೆಂಗಿನಕಾಯಿ, ಅರ್ಚನೆ, ಪ್ರಸಾದ ಯಾವುದೂ ಇಲ್ಲ. ಊದುಬತ್ತಿ ಇದೆ. ಬೆಂಕಿಯನ್ನು ಬಾಯಲ್ಲಿ ಊದಿ ಆರಿಸಬಾರದು, ಕೈಯಿಂದ ಬೀಸಬೇಕು. ನಮ್ಮಲ್ಲೂ ಅದೇ ತಾನೇ.

ಚಪ್ಪಲಿ ಎಲ್ಲಿ ಬಿಡಬೇಕು?

ನಮ್ಮ ಮಕ್ಕಳು ಹೆಬ್ಬಾಗಿಲಲ್ಲೇ ಬಿಚ್ಚಲು ಶುರುಮಾಡುತ್ತಾರೆ. ಬೇಡ. ಅಂಗಳದಲ್ಲೆಲ್ಲ ಬೂಟು ಹಾಕಿಕೊಂಡೇ ನಡೆಯಬಹುದು. ಮರದ ಜಗುಲಿ ಅಥವಾ ತಾತಾಮಿ ಚಾಪೆ ಹತ್ತುವಲ್ಲಿ ಮಾತ್ರ ಬಿಚ್ಚಬೇಕು. ಕಪಾಟಿನಲ್ಲಿಡುವುದೋ ಚೀಲದಲ್ಲಿ ಹೊತ್ತೊಯ್ಯುವುದೋ ಅಲ್ಲಲ್ಲಿ ಬೇರೆ ಬೇರೆ. ದಿನಕ್ಕೆ ಹತ್ತು ಸಲ ಬಿಚ್ಚಿ ಹಾಕುವುದಿರುತ್ತದೆ, ಲೇಸಿಲ್ಲದ ಬೂಟು ತನ್ನಿ, ತೂತಿಲ್ಲದ ಕಾಲುಚೀಲವನ್ನೂ. ಚಳಿಗಾಲದಲ್ಲಿ ಮರದ ನೆಲ ಮಂಜುಗಡ್ಡೆಯಂತಿರುತ್ತದೆ. ಹೊಸಿಲು ತುಳಿಯಬಾರದೆಂದು ಅಜ್ಜಿ ಕಲಿಸಿದ್ದು ಇಲ್ಲಿಯೂ ನಡೆಯುತ್ತದೆ.

ತಳ್ಳುಗಾಡಿ ತರಲೇ? ಜೊತೆಗೆ ಅತ್ತೆಯವರೂ ಬರುತ್ತಾರೆ.

ರೈಲು ನಿಲ್ದಾಣಗಳಿಗೆ ತಳ್ಳುಗಾಡಿ ಸರಿ, ಲಿಫ್ಟ್ ಇರುತ್ತದೆ. ಗುಡಿಗಳಲ್ಲಿ ಜಲ್ಲಿಯೂ ಮೆಟ್ಟಿಲೂ ಸೇರಿ ಚಕ್ರಕ್ಕೆ ಶತ್ರು. ಮಡಚಿ ಹೆಗಲಿಗೆ ಹಾಕುವಂಥ ಹಗುರವಾದದ್ದು ತನ್ನಿ, ಪುಟ್ಟ ಮಗುವಾದರೆ ಎದೆಗೆ ಕಟ್ಟಿಕೊಳ್ಳುವ ಚೀಲವೇ ಮೇಲು. ಮಂಡಿ ನೋವಿರುವ ಹಿರಿಯರಿಗೆ ನಾರಾದ ಪಾರ್ಕ್, ಸಾನ್‌ಜೂಸಾನ್‌ಗೆನ್‌ದೋ, ಕ್ಯೋಟೊದ ನಿಜೋ ಕೋಟೆ ಸಲೀಸು. ಹಿಮೇಜಿ ಕೋಟೆಯ ಒಳಗಿನ ಮೆಟ್ಟಿಲುಗಳು ಏಣಿಯಷ್ಟು ಕಡಿದು, ಅತ್ತೆಯವರನ್ನು ಕೆಳಗೆ ಹೂದೋಟದಲ್ಲಿ ಕೂರಿಸಿ ಹೋಗಿ.

ಊಟಕ್ಕೇನು ಮಾಡುವುದು? ನಾವು ಈರುಳ್ಳಿ ಬೆಳ್ಳುಳ್ಳಿಯನ್ನೂ ತಿನ್ನುವುದಿಲ್ಲ.

ಎಲ್ಲರೂ ಹೆದರುವ ಪ್ರಶ್ನೆ, ಹೆದರಬೇಕಾದದ್ದೂ ಹೌದು. ತರಕಾರಿ ಊಟದಂತೆ ಕಾಣುವುದರಲ್ಲೂ ದಾಶಿ ಇರುತ್ತದೆ. ದಾಶಿ ಎಂದರೆ ಇಲ್ಲಿನ ಸಾರಿನ ಕಟ್ಟು, ಸಾಮಾನ್ಯವಾಗಿ ಒಣಗಿಸಿದ ಕತ್ಸುವೊ ಮೀನಿನದು. ಮಿಸೊ ಸಾರು, ಉದೊನ್ ಎಂಬ ದಪ್ಪ ನೂಡಲ್ಸ್, ಕೊನೆಗೆ ಬೇಯಿಸಿದ ಕುಂಬಳಕಾಯಿಯಲ್ಲೂ ಅದೇ. ‘ಮಾಂಸ ಬೇಡ’ ಎಂದರೆ ಮೀನು ಬರುತ್ತದೆ. ‘ಮಾಂಸ, ಮೀನು, ಮೀನಿನ ದಾಶಿ ತಿನ್ನುವುದಿಲ್ಲ’ ಎಂದು ಜಪಾನಿಯಲ್ಲಿ ಬರೆದ ಚೀಟಿ ಇಟ್ಟುಕೊಳ್ಳಿ.

ಆದರೆ ದೇವಾಲಯಗಳಲ್ಲೇ ಇದಕ್ಕೆ ಪರಿಹಾರವಿದೆ. ಭಿಕ್ಷುಗಳ ಅಡುಗೆ ಶೋಜಿನ್ ರ್ಯೋರಿಯಲ್ಲಿ ಮಾಂಸ, ಮೀನು ಇಲ್ಲ, ಸಂಪ್ರದಾಯದ ಪ್ರಕಾರ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಕಟ್ಟು ತೆಗೆಯುವುದು ಕೊಂಬು ಎಂಬ ಸಮುದ್ರದ ಪಾಚಿಯಿಂದ ಮತ್ತು ಒಣ ಅಣಬೆಯಿಂದ. ಉಡುಪಿ ಮಠದ ಊಟ ಉಂಡು ಬೆಳೆದ ನಮ್ಮ ಮಾವ ಇದನ್ನುಂಡು ‘ಒಗ್ಗರಣೆಯೊಂದು ಬಿಟ್ಟರೆ ಎಲ್ಲ ಸರಿಯಿದೆ’ ಎಂದು ಸರ್ಟಿಫಿಕೇಟ್ ಕೊಟ್ಟರು. ಮಕ್ಕಳಿಗೆ ಮಾತ್ರ ಅದು ಸಪ್ಪೆ, ಬೆಲೆಯೂ ಜಾಸ್ತಿ. ಅವರಿಗೆ ಒಂದು ತಟ್ಟೆ ಸಾಕು, ಹಂಚಿ ತಿನ್ನಿಸಿ. ಕ್ಯೋಟೊದ ನಾನ್‌ಜೆನ್‌ಜಿ ಸುತ್ತಮುತ್ತ ಯುದೋಫು ಎಂಬ ಬಿಸಿ ತೋಫು ಹೆಸರುವಾಸಿ. ಅದ್ದಿಕೊಳ್ಳುವ ರಸದಲ್ಲಿ ಮೀನಿದೆಯೇ ಎಂದು ಕೇಳಿಯೇ ತಿನ್ನಿ.

ದಿನನಿತ್ಯಕ್ಕೆ ಕನ್ವೀನಿಯನ್ಸ್ ಅಂಗಡಿಗಳಲ್ಲಿ ಉಮೆಬೋಶಿ, ಅಂದರೆ ಉಪ್ಪಿನಲ್ಲಿ ಹಾಕಿದ ಹುಳಿಹಣ್ಣು, ಇಟ್ಟ ಅನ್ನದುಂಡೆ ಸಿಗುತ್ತದೆ, ಪೊಟ್ಟಣದ ಮೇಲಿನ ಬರಹವನ್ನು ಮೊಬೈಲಿನಲ್ಲಿ ಅನುವಾದಿಸಿ ನೋಡಿಕೊಳ್ಳಿ. ಸಕ್ಕರೆಯಿಲ್ಲದ ಮೊಸರು ಸಿಗುತ್ತದೆ, ಇಲ್ಲಿಯ ಅನ್ನ ಅಂಟಂಟು, ಮೊಸರನ್ನ ಚೆನ್ನಾಗಿಯೇ ಆಗುತ್ತದೆ. ಗುಡಿ ಬೀದಿಗಳಲ್ಲಿ ಮಾರುವ ಮೋಚಿ ಅಂಟಿನುಂಡೆಯನ್ನು ಚಿಕ್ಕ ಮಕ್ಕಳಿಗೆ ಇಡಿಯಾಗಿ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಪ್ರತಿ ಹೊಸ ವರ್ಷದಲ್ಲಿ ಇಲ್ಲಿನ ಹಿರಿಯರಿಗೂ ಆಗುವ ಅಪಾಯ ಅದು.

ಮಕ್ಕಳು ‘ಬೋರ್’ ಎಂದು ರಾಗ ತೆಗೆದರೆ?

ಗೊಶುಯಿನ್ ಪುಸ್ತಕ ಕೊಡಿಸಿ. ಪ್ರತಿ ಗುಡಿಯಲ್ಲೂ ಕೆಂಪು ಮುದ್ರೆ ಒತ್ತಿ, ಅದರ ಮೇಲೆ ಕುಂಚದಿಂದ ಗುಡಿಯ ಹೆಸರು, ತಾರೀಖು ಬರೆದುಕೊಡುತ್ತಾರೆ, ಸಾಮಾನ್ಯವಾಗಿ 300ರಿಂದ 500 ಯೆನ್. ಹಿಂದೆ ಸೂತ್ರಗಳನ್ನು ಪ್ರತಿಮಾಡಿ ಅರ್ಪಿಸಿದವರಿಗೆ ಕೊಡುತ್ತಿದ್ದ ರಸೀದಿ ಇದು. ಕಣ್ಣೆದುರೇ ಕುಂಚ ಓಡುವುದನ್ನು ಮಕ್ಕಳು ಎವೆಯಿಕ್ಕದೆ ನೋಡುತ್ತಾರೆ. ಪೂಜೆಯ ವಸ್ತುವಾದ್ದರಿಂದ ಅದರಲ್ಲಿ ಚಿತ್ರ ಗೀಚಬಾರದು, ಅದಕ್ಕೆ ಬೇರೆ ನೋಟ್‌ಪುಸ್ತಕ ಕೊಡಿ. ರೈಲು ನಿಲ್ದಾಣಗಳಲ್ಲಿ ಪುಕ್ಕಟೆ ಮುದ್ರೆಗಳಿರುತ್ತವೆ, ಅವನ್ನು ಅದರಲ್ಲಿ ಒತ್ತಿಕೊಳ್ಳಲಿ.

ಕ್ಯೋಟೊದ ರ್ಯೋಆನ್‌ಜಿ ಮಂದಿರದ ಕಲ್ಲಿನ ತೋಟದಲ್ಲಿ 15 ಬಂಡೆಗಳಿವೆ, ಜಗುಲಿಯಲ್ಲಿ ಎಲ್ಲಿ ಕೂತರೂ ಒಂದಾದರೂ ಮರೆಯಾಗುತ್ತದೆ. ದೊಡ್ಡವರು ಧ್ಯಾನಕ್ಕೆ ಕೂತರೆ ಮಕ್ಕಳು ಎಣಿಸುತ್ತಾ ಕೂರಲಿ, ಇಬ್ಬರಿಗೂ ಲಾಭ. ನಿಜೋ ಕೋಟೆಯ ನೆಲ ಹೆಜ್ಜೆಯಿಟ್ಟರೆ ಹಕ್ಕಿಯಂತೆ ಚಿಂವ್‌ಗುಡುತ್ತದೆ. ಸದ್ದಾಗದಂತೆ ನಡೆಯುವ ಪಂದ್ಯ ಕಟ್ಟಿ, ಯಾರೂ ಗೆಲ್ಲುವುದಿಲ್ಲ. ಕಿಯೊಮಿಜುವಿನ ಜುಯಿಗುದೋ ಎಂಬ ಪುಟ್ಟ ಮಂದಿರದ ಕೆಳಗೆ ಕಗ್ಗತ್ತಲ ದಾರಿಯಿದೆ. ದೊಡ್ಡ ಮಣಿಗಳ ಹಗ್ಗ ಹಿಡಿದು ಹೋಗಿ, ಬೆಳಕು ಬಿದ್ದ ಒಂದು ಕಲ್ಲನ್ನು ತಿರುಗಿಸಿ ಹೊರಬರಬೇಕು, ತಾಯಿಯ ಗರ್ಭದಿಂದ ಬಂದ ಹಾಗೆ. ಕತ್ತಲೆಗೆ ಹೆದರುವ ಮಗುವನ್ನು ದೂಡಬೇಡಿ. ಚಿನ್ನದ ಕಿಂಕಾಕುಜಿಯಲ್ಲಿ ಮಾತ್ರ ಮಕ್ಕಳಿಗೆ ಮಾಡಲು ಏನಿಲ್ಲ, ನೋಡಿ ಹೊರಬರಲು ಅರ್ಧ ಗಂಟೆ. 1950ರಲ್ಲಿ ಸುಟ್ಟುಹೋಗಿ 1955ರಲ್ಲಿ ಮತ್ತೆ ಕಟ್ಟಿದ್ದು ಎಂದಾಗ ‘ಹಾಗಾದರೆ ಇದು ಡೂಪ್ಲಿಕೇಟಾ?’ ಎಂದ ನನ್ನ ಮಗನಿಗೆ ಕೊಡಲು ಸರಿಯಾದ ಉತ್ತರ ಇನ್ನೂ ಹೊಳೆದಿಲ್ಲ.

ಕೆಂಪು ಎದೆವಸ್ತ್ರ ಕಟ್ಟಿದ ಪುಟ್ಟ ಪುಟ್ಟ ಕಲ್ಲಿನ ಮೂರ್ತಿಗಳು ಯಾವುವು?

ಅವು ಜಿಜೋ. ದಾರಿಹೋಕರನ್ನೂ ಮಕ್ಕಳನ್ನೂ ಕಾಯುವ ಬೋಧಿಸತ್ವ, ಸಂಸ್ಕೃತದಲ್ಲಿ ಕ್ಷಿತಿಗರ್ಭ. ಸಾಲು ಸಾಲಾಗಿ ನಿಲ್ಲಿಸಿ, ಮುಂದೆ ಗಿರಿಗಿಟ್ಟಿ, ಆಟಿಕೆ ಇಟ್ಟಿದ್ದರೆ ಅವು ಬಹುಮಟ್ಟಿಗೆ ತೀರಿಕೊಂಡ ಅಥವಾ ಹುಟ್ಟುವ ಮುನ್ನವೇ ಹೋದ ಕೂಸುಗಳಿಗಾಗಿ ತಂದೆತಾಯಿ ಇಟ್ಟದ್ದು. ನಮ್ಮ ಮಕ್ಕಳು ಗೊಂಬೆಯೆಂದು ಮುಟ್ಟಲು ಓಡುತ್ತಾರೆ, ತಡೆಯಿರಿ. ಅಲ್ಲಿ ಸೆಲ್ಫಿಯೂ ಬೇಡ. ‘ಮಕ್ಕಳನ್ನು ಕಾಯುವ ದೇವರು’ ಎಂದಷ್ಟೇ ಹೇಳಿ ಕೈ ಮುಗಿಸುತ್ತೇನೆ ನಾನು.

ನಾವು ಟೋಕಿಯೊಕ್ಕೆ ಮಾತ್ರ ಬರುವುದು, ಅಲ್ಲೇನಿದೆ?

ಸೆನ್ಸೋಜಿ ಇದೆ. ಹೆಬ್ಬಾಗಿಲಿನ ಕೆಂಪು ಲಾಂದ್ರ ಸುಮಾರು 700 ಕಿಲೋ, ಅದರ ಅಡಿಯಲ್ಲಿ ನಿಂತು ತಲೆಯೆತ್ತಿದರೆ ಮರದಲ್ಲಿ ಕೆತ್ತಿದ ಡ್ರ್ಯಾಗನ್ ಕಾಣುತ್ತದೆ. ಭವಿಷ್ಯದ ಚೀಟಿ ಎತ್ತಿಸುವವರಿಗೊಂದು ಎಚ್ಚರಿಕೆ: ಈ ಗುಡಿ ‘ಕೆಟ್ಟದ್ದು’ ಎಂಬ ಚೀಟಿ ಧಾರಾಳವಾಗಿ ಬರುವುದಕ್ಕೆ ಪ್ರಸಿದ್ಧ. ಬಂದರೆ ಅಲ್ಲೇ ತಂತಿಗೆ ಕಟ್ಟಿ ಬಿಟ್ಟುಬರಬೇಕು. ಈ ಪರಿಹಾರವನ್ನು ಮೊದಲೇ ಹೇಳದೆ ಚೀಟಿ ಎತ್ತಿಸಿದರೆ ಅಳು ಗ್ಯಾರಂಟಿ.

ಒಂದು ದಿನ ಕಾಮಾಕುರಾಕ್ಕೆ ಹೋಗಿ. ಬಯಲಲ್ಲೇ ಕೂತ 11 ಮೀಟರ್ ಎತ್ತರದ ಕಂಚಿನ ಬುದ್ಧನ ಹೊಟ್ಟೆಯೊಳಗೆ ಹೊಕ್ಕು ನೋಡಬಹುದು. ಇನ್ನೊಂದು ದಿನವಿದ್ದರೆ ನಿಕ್ಕೊ, ರೈಲಿನಲ್ಲಿ ಎರಡು ಗಂಟೆ. ಗಾಂಧೀಜಿಯ ಮೂರು ಕೋತಿಗಳೆಂದು ನಾವು ಕರೆಯುವವು ಅಲ್ಲಿನ ತೋಶೋಗು ಗುಡಿಯ ಕುದುರೆ ಲಾಯದ ಮೇಲಿವೆ. ಎಂಟು ಹಲಗೆಗಳಲ್ಲಿ ಕೆತ್ತಿದ ಕೋತಿಯ ಬಾಳಿನ ಕಥೆಯಲ್ಲಿ ಅದು ಬಾಲ್ಯದ ಭಾಗ. ಮಿಕ್ಕ ಏಳನ್ನು ಯಾರೂ ನೋಡುವುದಿಲ್ಲ, ನೀವು ನೋಡಿಸಿ. ಮಲಗಿದ ಬೆಕ್ಕಿನ ಕೆತ್ತನೆ ಅಂಗೈಯಷ್ಟೇ ಇದೆ, ಹುಡುಕಬೇಕು. ಛಾವಣಿಗೆ ಡ್ರ್ಯಾಗನ್ ಬರೆದ ಸಭಾಂಗಣದಲ್ಲಿ ಅದರ ತಲೆಯ ಕೆಳಗೆ ಭಿಕ್ಷು ಮರದ ತುಂಡುಗಳನ್ನು ತಟ್ಟಿದರೆ ಗಂಟೆ ಮೊಳಗಿದಂತೆ ಮಾರ್ದನಿ ಬರುತ್ತದೆ.

ಯಾವ ರಜೆಗೆ ಬಂದರೆ ಒಳ್ಳೆಯದು?

ಬೇಸಿಗೆ ರಜೆಗೆ ಬರುವವರು ಏಪ್ರಿಲ್ 29ರಿಂದ ಮೇ 5ರವರೆಗಿನ ಗೋಲ್ಡನ್ ವೀಕ್ ತಪ್ಪಿಸಿ. ಇಡೀ ದೇಶವೇ ರಜೆಯಲ್ಲಿ ಓಡಾಡುತ್ತಿರುತ್ತದೆ. ಮೇ 5 ಮಕ್ಕಳ ದಿನ, ಅದಕ್ಕೆ ಕೆಲವು ವಾರ ಮುಂಚಿನಿಂದಲೇ ಮನೆಗಳ ಮೇಲೆ ಬಟ್ಟೆಯ ಮೀನುಗಳು ಹಾರುತ್ತವೆ, ಅದನ್ನು ನೋಡಲು ರಜೆಯ ಜಾತ್ರೆಯಲ್ಲಿ ಸಿಕ್ಕಿಕೊಳ್ಳಬೇಕಿಲ್ಲ. ನನ್ನ ಓಟು ದಸರಾ ರಜೆಗೆ. ಹವೆ ಹಿತ, ಮಳೆ ಕಡಿಮೆಯಾಗುತ್ತಾ ಬಂದಿರುತ್ತದೆ. ರಜೆ ಅಕ್ಟೋಬರ್ 22ರವರೆಗೂ ಇದ್ದರೆ ಕ್ಯೋಟೊದ ಜಿದಾಯ್ ಮಾತ್ಸುರಿ ಸಿಗುತ್ತದೆ. ಬೇರೆ ಬೇರೆ ಕಾಲದ ವೇಷ ತೊಟ್ಟ ಸುಮಾರು 2,000 ಜನರ ಮೆರವಣಿಗೆ, 1895ರಿಂದ ನಡೆದುಬಂದದ್ದು. ಜಂಬೂಸವಾರಿ ಕಂಡ ಮೈಸೂರಿನವರಿಗೆ ‘ಆನೆಯೆಲ್ಲಿ?’ ಅನ್ನಿಸಬಹುದು. ದಸರಾ ಗೊಂಬೆ ಕೂರಿಸುವ ಮನೆಯವರು ಮಾರ್ಚ್ 3ರ ಹಿನಾಮಾತ್ಸುರಿಯ ಹೊತ್ತಿಗೆ ಬಂದರೆ, ಕೆಂಪು ಬಟ್ಟೆ ಹಾಸಿದ ಮೆಟ್ಟಿಲುಗಳ ಮೇಲೆ ರಾಜ, ರಾಣಿ, ವಾದ್ಯದವರು ಕೂತಿರುವುದನ್ನು ಕಂಡು ತವರಿಗೆ ಬಂದಂತಾಗುತ್ತದೆ. ನವೆಂಬರ್ 15ರ ಆಸುಪಾಸಿನಲ್ಲಿ ಮೂರು, ಐದು, ಏಳು ವರ್ಷದ ಮಕ್ಕಳು ಕಿಮೊನೊ ಉಟ್ಟು ಗುಡಿಗೆ ಬರುತ್ತಾರೆ. ನೋಡಲು ಮುದ್ದು, ಆದರೆ ಕೇಳದೆ ಫೋಟೋ ತೆಗೆಯಬೇಡಿ.

ಶೌಚಾಲಯ, ಕಸ, ದುಡ್ಡು?

ಶೌಚಾಲಯ ಎಲ್ಲೆಡೆ ಇದೆ, ಶುಚಿಯಾಗಿದೆ. ಕಸದ ಬುಟ್ಟಿ ಎಲ್ಲೂ ಇಲ್ಲ, ಚೀಲದಲ್ಲಿ ಹೊತ್ತು ತರಬೇಕು. ಗುಡಿಯ ಟಿಕೆಟ್ ಕಿಟಕಿಗಳಲ್ಲಿ ಇನ್ನೂ ಬಹಳ ಕಡೆ ನಗದೇ ನಡೆಯುವುದು. ಟಿಕೆಟ್ ದೊಡ್ಡವರಿಗೆ ಹೆಚ್ಚಾಗಿ 400ರಿಂದ 1,000 ಯೆನ್ ಒಳಗೆ, ಮಕ್ಕಳಿಗೆ ಕಡಿಮೆ, ಶಿಂಟೋ ಗುಡಿಗಳಲ್ಲಿ ಬಹುತೇಕ ಪುಕ್ಕಟೆ.

ಮಕ್ಕಳನ್ನು ಬಿಡದ ಜಾಗಗಳೂ ಇವೆಯೇ?

ಇವೆ. ಕ್ಯೋಟೊದ ಪಾಚಿಯ ತೋಟದ ಮಂದಿರ ಸೈಹೋಜಿಗೆ ಮುಂಗಡ ಬುಕಿಂಗ್ ಬೇಕು, ವಯಸ್ಸಿನ ಮಿತಿಯೂ ಇದೆ. ಕಾನಾಜಾವಾದ ‘ನಿಂಜಾ ಗುಡಿ’ ಮ್ಯೋರ್ಯೂಜಿಗೆ ಶಾಲೆ ಸೇರದ ಪುಟಾಣಿಗಳನ್ನು ಬಿಡುವುದಿಲ್ಲ. ಕ್ಯೋಟೊದ ಗಿಯೋನ್‌ನ ಖಾಸಗಿ ಓಣಿಗಳಿಗೆ ಯಾರೂ ನುಗ್ಗುವಂತಿಲ್ಲ, 10,000 ಯೆನ್ ದಂಡದ ಫಲಕ ಹಾಕಿದ್ದಾರೆ. ಅಲ್ಲಿ ಓಡಾಡುವ ಮೈಕೊಗಳ, ಅಂದರೆ ಗೇಷಾ ಕಲೆ ಕಲಿಯುತ್ತಿರುವ ಹುಡುಗಿಯರ, ಹಿಂದೆ ಕ್ಯಾಮೆರಾ ಹಿಡಿದು ಓಡುವುದು ಮಕ್ಕಳಲ್ಲ, ಅಪ್ಪಂದಿರು.

ಗುಡಿಯಲ್ಲೇ ರಾತ್ರಿ ತಂಗಬಹುದಂತೆ, ಮಕ್ಕಳಿಗೆ ಸರಿಹೋಗುತ್ತದೆಯೇ?

ಕೋಯಾಸಾನ್ ಎಂಬ ಬೆಟ್ಟದ ಮಂದಿರಗಳಲ್ಲಿ ತಂಗಬಹುದು. ಒಸಾಕಾದ ನಾಂಬಾದಿಂದ ರೈಲು, ಕೊನೆಗೆ ಬೆಟ್ಟಕ್ಕೆ ಹಗ್ಗದ ರೈಲು, ಒಟ್ಟು ಎರಡು ಗಂಟೆ ಚಿಲ್ಲರೆ. ಕೂಕಾಯ್ ಎಂಬ ಯತಿ 816ರಲ್ಲಿ ಪಡೆದ ಬೆಟ್ಟವಿದು. ಐವತ್ತಕ್ಕೂ ಹೆಚ್ಚು ಮಂದಿರಗಳು ಕೋಣೆ ಕೊಡುತ್ತವೆ: ತಾತಾಮಿಯ ಮೇಲೆ ಹಾಸಿಗೆ, ಶೋಜಿನ್ ಊಟ, ಬೆಳಗಿನ ಪೂಜೆ. ರಾತ್ರಿಯೂಟ ಸಂಜೆ ಆರರ ಸುಮಾರಿಗೇ ಮುಗಿಯುತ್ತದೆ, ಆಮೇಲೆ ಹಸಿದರೆ ಅಂಗಡಿಯಿಲ್ಲ, ಚಕ್ಕುಲಿ ಕೋಡುಬಳೆ ಚೀಲದಲ್ಲಿರಲಿ. ಸ್ನಾನ ಸಾಮೂಹಿಕ, ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ, ಬಟ್ಟೆಯಿಲ್ಲದೆ ಇಳಿಯಬೇಕು. ಮಕ್ಕಳಿಗೆ ಸಂಕೋಚವಿಲ್ಲ, ಅಮ್ಮಂದಿರಿಗೆ ಇರುತ್ತದೆ.

ಅಲ್ಲಿನ ಓಕುನೊಯಿನ್‌ನಲ್ಲಿ ಮುಗಿಲೆತ್ತರದ ಮರಗಳ ನಡುವೆ ಎರಡು ಲಕ್ಷಕ್ಕೂ ಹೆಚ್ಚು ಸಮಾಧಿಗಳು, ಎರಡು ಕಿಲೋಮೀಟರ್ ಕಾಲುದಾರಿ. ತುದಿಯಲ್ಲಿರುವ ಕೂಕಾಯ್ ತೀರಿಕೊಂಡಿಲ್ಲ, 835ರಿಂದ ಧ್ಯಾನದಲ್ಲಿದ್ದಾರೆ ಎಂದೇ ನಂಬಿಕೆ. ದಿನಕ್ಕೆರಡು ಸಲ ಭಿಕ್ಷುಗಳು ಅವರಿಗೆ ಊಟ ಹೊತ್ತೊಯ್ಯುತ್ತಾರೆ. ಮಂತ್ರಾಲಯದ ರಾಯರ ವೃಂದಾವನಕ್ಕೆ ಹೋಗಿಬಂದ ಮಕ್ಕಳಿಗೆ ಇದು ತಟ್ಟನೆ ಅರ್ಥವಾಗುತ್ತದೆ. ನಮ್ಮ ಅಕ್ಕನ ಮಗ ಕೇಳಿದ್ದು ಒಂದೇ: ‘ತಟ್ಟೆ ಖಾಲಿಯಾಗಿ ವಾಪಸ್ ಬರುತ್ತಾ?’

ಹಿರೋಶಿಮಾಕ್ಕೆ ಮಕ್ಕಳನ್ನು ಕರೆದೊಯ್ಯಬಹುದೇ?

ಅಣುಬಾಂಬಿನ ನೆನಪಿನ ಶಾಂತಿ ಉದ್ಯಾನಕ್ಕೆ ಖಂಡಿತ. 1955ರಲ್ಲಿ ಹನ್ನೆರಡನೇ ವಯಸ್ಸಿಗೆ ವಿಕಿರಣದ ಕಾಯಿಲೆಯಿಂದ ಹೋದ ಸದಾಕೊ ಸಸಾಕಿಯ ನೆನಪಿಗೆ ಮಕ್ಕಳ ಸ್ಮಾರಕವಿದೆ, ದೇಶದೇಶದ ಮಕ್ಕಳು ಮಡಚಿದ ಕಾಗದದ ಕೊಕ್ಕರೆಗಳ ಮಾಲೆಗಳಿಂದ ತುಂಬಿರುತ್ತದೆ. ಮನೆಯಿಂದಲೇ ಒಂದನ್ನು ಮಡಚಿ ತನ್ನಿ. ವಸ್ತುಸಂಗ್ರಹಾಲಯದೊಳಗೆ ಹತ್ತು ವರ್ಷದ ಕೆಳಗಿನವರನ್ನು ನಾನು ಕರೆದೊಯ್ಯುವುದಿಲ್ಲ. ಅಪ್ಪ ಅಮ್ಮ ಸರದಿಯಲ್ಲಿ ನೋಡಿಬನ್ನಿ. ಮಧ್ಯಾಹ್ನ ದೋಣಿಯಲ್ಲಿ ಹತ್ತು ನಿಮಿಷದ ಮಿಯಾಜಿಮಾ ದ್ವೀಪ. ಉಬ್ಬರದಲ್ಲಿ ನೀರಿನ ಮೇಲೆ ತೇಲುವಂತಿರುವ ತೋರಿಯ ಬುಡಕ್ಕೆ ಇಳಿತದಲ್ಲಿ ನಡೆದೇ ಹೋಗಬಹುದು. ಎರಡೂ ಕಾಣುವಂತೆ ಹೊತ್ತು ನೋಡಿಕೊಂಡು ಹೋಗಿ.

ಜನರ ನಡುವೆ ಮಗು ತಪ್ಪಿಸಿಕೊಂಡರೆ?

ಬೀದಿ ಬೀದಿಗೆ ಕೋಬಾನ್ ಎಂಬ ಪುಟ್ಟ ಪೊಲೀಸ್ ಠಾಣೆ ಇರುತ್ತದೆ, ಅಲ್ಲಿಗೆ ಓಡಿ. ಪೊಲೀಸ್ 110, ಆಂಬುಲೆನ್ಸ್ 119. ಹೋಟೆಲಿನ ಕಾರ್ಡು, ನಿಮ್ಮ ಫೋನ್ ನಂಬರು ಮಗುವಿನ ಜೇಬಿನಲ್ಲಿರಲಿ.

ನಿಮ್ಮ ಮನೆಯಲ್ಲೇ ಉಳಿದುಕೊಳ್ಳಬಹುದಾ?

ಬನ್ನಿ. ಮನೆ ಚಿಕ್ಕದು, ಹಾಸಿಗೆ ನೆಲದ ಮೇಲೆ, ಬೆಳಿಗ್ಗೆ ಮಡಚಿ ಕಪಾಟಿಗೆ ಸೇರಿಸಬೇಕು. ಬರುವಾಗ ಸಾರಿನಪುಡಿ, ಹುಣಸೆಹಣ್ಣು, ಒಂದು ಪೊಟ್ಟಣ ಹಪ್ಪಳ ತನ್ನಿ. ಕರಿಬೇವು ಮಾತ್ರ ಬೇಡ, ಹಸಿ ಸೊಪ್ಪನ್ನು ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಕಳೆದ ಸಲ ಅತ್ತೆ ಸೀರೆಯ ಮಡಿಕೆಯಲ್ಲಿಟ್ಟು ತಂದದ್ದೂ ಸಿಕ್ಕಿಬಿತ್ತು.